ಇಲ್ಲದ ಜ್ವರ

ಕಾಲೇಜಿನ ಚರ್ಚಾಸ್ಪರ್ಧೆಯ ತಂಡದಲ್ಲಿ ಕಳೆದ ಮೂರು ವರ್ಷಗಳಲ್ಲಿ ನನ್ನ ಮೈಗೆ ಹತ್ತಿದ ಪಾಠ ಒಂದೇ: ತತ್ವಕ್ಕೆ ತತ್ವದಿಂದ ಉತ್ತರ ಕೊಡಬೇಡ, ಸಭೆಯ ಮುಂದೆ ಒಬ್ಬ ಮನುಷ್ಯನನ್ನು ತಂದು ನಿಲ್ಲಿಸು. ಆ ಪಾಠವನ್ನು ಚೆನ್ನಾಗಿ ಪಾಲಿಸಿದ ಒಂದು ಸಂಜೆಯಿಂದಾಗಿ, ದೇವದುರ್ಗ ತಾಲೂಕಿನ ಹದಿನೆಂಟು ಹೆಂಗಸರು ಆ ವರ್ಷದ ಭತ್ತದ ನಾಟಿ ಕೆಲಸವನ್ನು ಕಳೆದುಕೊಳ್ಳುವ ಅಂಚಿಗೆ ಬಂದು ನಿಂತರು.

ಊರವರೂ ಭಾಗವಹಿಸುವ ಆ ಸಾರ್ವಜನಿಕ ಚರ್ಚೆ ನಡೆದದ್ದು ರಾಯಚೂರಿನ ಒಂದು ಸಭಾಂಗಣದಲ್ಲಿ. ದುಡಿಯಲಿ ಬಿಡಲಿ, ಬಡವರಿರಲಿ ಸಿರಿವಂತರಿರಲಿ, ಪ್ರತಿಯೊಬ್ಬರಿಗೂ ಸರ್ಕಾರ ಷರತ್ತಿಲ್ಲದೆ ತಿಂಗಳಿಗೊಂದು ಮೂಲ ಆದಾಯ ಕೊಡಬೇಕೇ ಎಂಬುದು ವಿಷಯ. ಪರವಾಗಿ ನಾನಿದ್ದೆ. ವಿರುದ್ಧವಾಗಿ ಮಾನ್ವಿ ಹತ್ತಿರದ ಪೋತ್ನಾಳದ ಅಕ್ಕಿ ಗಿರಣಿಯ ಮಾಲೀಕರೊಬ್ಬರು. ಹಣೆಯ ತುಂಬ ವಿಭೂತಿ, ಕಾಲುವೆಯ ಕೆಳಗೆ ಹತ್ತಾರು ಎಕರೆ ಗದ್ದೆ. ಕಾಯಕವಿಲ್ಲದೆ ಬಂದ ಅನ್ನ ಮನುಷ್ಯನನ್ನು ಸಣ್ಣವನನ್ನಾಗಿ ಮಾಡುತ್ತದೆ ಎಂದು ಅವರು ಮೆಲುದನಿಯಲ್ಲಿ ಹೇಳಿದರು. ಮಠದ ದಾಸೋಹದ ಪಂಕ್ತಿಯಲ್ಲಿ ಕೂತವರನ್ನು ಇವತ್ತು ಏನು ದುಡಿದಿರಿ ಎಂದು ಯಾರಾದರೂ ಕೇಳುತ್ತಾರೆಯೇ ಎಂದೆ. ಉಂಡವನೇ ಎದ್ದು ಮುಂದಿನ ಪಂಕ್ತಿಗೆ ಬಡಿಸುತ್ತಾನೆ, ನಿಮ್ಮ ಯೋಜನೆಯಲ್ಲಿ ಬಡಿಸುವವರು ಯಾರು ಎಂದು ಅವರು ತಿರುಗಿ ಕೇಳಿದರು. ಸಭೆ ಚಪ್ಪಾಳೆ ತಟ್ಟಿತು. ಸೋಲು ಹತ್ತಿರವಾಗುತ್ತಿರುವುದು ನನಗೆ ತಿಳಿಯಿತು.

ಆಗ ನಾನು ಹೇಳಬಾರದ್ದನ್ನು ಹೇಳಿದೆ.

ಹಿಂದಿನ ವರ್ಷ ದೇವದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ಕಾಲೇಜಿನ ಸೇವಾ ಶಿಬಿರದ ಪರವಾಗಿ ಮಹಿಳೆಯರ ಸಭೆಗಳನ್ನು ನಡೆಸುತ್ತಿದ್ದಾಗ, ನಾಟಿ ಗುಂಪೊಂದರ ಮುಂದಾಳು ಹೆಂಗಸು ತನ್ನ ಮನೆಯ ಕಟ್ಟೆಯ ಮೇಲೆ ಕೂತು ನನಗೊಂದು ಗುಟ್ಟು ತಿಳಿಸಿದ್ದಳು. ಪ್ರತಿ ವರ್ಷ ಮಾನ್ವಿ ಕಡೆಯ ಜಮೀನ್ದಾರರೊಬ್ಬರು ಕೆಲಸ ಗೊತ್ತಾದ ಗುರುತಿಗೆ ಅವಳಿಗೆ ವೀಳ್ಯ ಕಳಿಸಿ ಗುಂಪನ್ನು ನಾಟಿಗೆ ಕರೆಯುತ್ತಿದ್ದರು. ಆ ಸಲ ಎಕರೆಯ ದರ ಇಳಿಸಿದ್ದರು. ಅವಳು ಜಗಳಕ್ಕೆ ಹೋಗಲಿಲ್ಲ. ಊರಿಗೆಲ್ಲ ಜ್ವರ ಬಂದಿದೆ ಎಂದು ಹೇಳಿ ಕಳಿಸಿದಳು. ಮನೆಯೊಡತಿಯರ ಖಾತೆಗೆ ಸರ್ಕಾರ ಹಾಕುವ ತಿಂಗಳ ಹಣ ಆಗತಾನೇ ಬಂದಿತ್ತು. ಅದರ ಧೈರ್ಯದ ಮೇಲೆ ಎಂಟು ದಿನ ಎಲ್ಲರೂ ಮನೆಯಲ್ಲೇ ಕೂತರು. ಅತ್ತ ಮಡಿಯಲ್ಲಿ ಸಸಿ ಬಲಿಯತೊಡಗಿತು, ಹೆಚ್ಚು ಬಲಿತರೆ ಅದು ನಾಟಿಗೆ ಬಾರದು. ಒಂಬತ್ತನೆಯ ದಿನ ದರ ಏರಿಸಿದ ಸುದ್ದಿ ಬಂತು.

ಇದಕ್ಕಿಂತ ಒಳ್ಳೆಯ ಸಾಕ್ಷಿ ನನ್ನ ವಾದಕ್ಕೆ ಬೇರೆ ಎಲ್ಲಿತ್ತು? ಮೂಲ ಆದಾಯವೆಂದರೆ ಸೋಮಾರಿತನವಲ್ಲ, ‘ಒಲ್ಲೆ’ ಎನ್ನುವ ಶಕ್ತಿ ಎಂದು ಧ್ವನಿ ಏರಿಸಿ ಹೇಳಿದೆ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಎಂಟು ದಿನ, ಜ್ವರ, ಬಲಿತ ಸಸಿ, ಇಷ್ಟನ್ನು ಮಾತ್ರ ಹೇಳಿದೆ. ಸಭೆ ಈ ಸಲ ನನಗಾಗಿ ಚಪ್ಪಾಳೆ ತಟ್ಟಿತು. ಗಿರಣಿಯ ಮಾಲೀಕರ ಮುಖ ಮಾತ್ರ ಬಾಡಿತು. ತಮ್ಮ ಕೊನೆಯ ಸರದಿಯಲ್ಲಿ ಅವರು ವಾದ ಮಾಡಲೇ ಇಲ್ಲ.

“ಆ ಜ್ವರಕ್ಕ ನಾನು ಮಾತ್ರಿ ಕಳಿಸಿದ್ದೆ ಮೇಡಂ,” ಎಂದಷ್ಟೇ ಹೇಳಿ ಕೂತರು.

ಆ ಜಮೀನ್ದಾರರು ಇವರೇ ಎಂದು ನನಗೆ ತಿಳಿದದ್ದು ಆ ಕ್ಷಣದಲ್ಲಿ. ಕೈಗೆ ಬಂದ ಬಹುಮಾನದ ಶಾಲನ್ನು ಹೊದೆಯಲು ಮನಸ್ಸಾಗಲಿಲ್ಲ.

ಕಾಲುವೆಗೆ ನೀರು ಬಿಟ್ಟು ಹತ್ತು ದಿನ ಕಳೆದರೂ ಆ ವರ್ಷ ವೀಳ್ಯ ಬರಲಿಲ್ಲ. ಸುದ್ದಿ ತಿಳಿದು ನಾನು ದೇವದುರ್ಗಕ್ಕೆ ಹೋದೆ. ಮುಂದಾಳು ಬೈಯಲಿಲ್ಲ, ಕುಡಿಯಲು ನೀರು ಕೊಟ್ಟಳು. ಪೋತ್ನಾಳದ ಸುತ್ತಲಿನ ರೈತರೆಲ್ಲ ಆಗಲೇ ಬೇರೆ ಗುಂಪುಗಳಿಗೆ ಮಾತು ಕೊಟ್ಟಿದ್ದರು. ಉಳಿದದ್ದು ಈ ಗಿರಣಿಯವರ ಗದ್ದೆ ಮಾತ್ರ, ಅದೂ ತಪ್ಪಿದರೆ ಇಡೀ ಗುಂಪಿಗೆ ಕೆಲಸವಿಲ್ಲ. ಓಣಿಯ ಒಬ್ಬ ಹೆಂಗಸು ಹಾದುಹೋಗುತ್ತ, ಜ್ವರ ಇಳೀತೇನ್ ಬೇ ಎಂದು ಚುಚ್ಚಿದಳು.

“ಯವ್ವಾ, ನಿನ್ನ ನಂಬಿ ಹೇಳಿದ್ದೆ,” ಎಂದಳು ಮುಂದಾಳು. “ಈಗ ನನ್ನ ಸಂಗಾಟ ಬಾ. ‘ಅದನ್ನ ನಾನಽ ಕಟ್ಟಿ ಹೇಳಿದ್ದು’ ಅಂತ ನೀನು ಸಾವ್ಕಾರ್ರ ಮುಂದ ಹೇಳು.”

ಸುಳ್ಳು ಹೇಳಿ ಗೆದ್ದವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಹ್ಯ. ನನ್ನದು ಸತ್ಯದ ಗೆಲುವೆಂಬ ಹೆಮ್ಮೆ ಒಳಗೆ ಎಲ್ಲೋ ಇನ್ನೂ ಉಳಿದಿತ್ತು. ಅದನ್ನು ಅವಳಿಗೆ ವಿವರಿಸಲು ಹೊರಟೆ. ಅವಳು ಕೊನೆಯವರೆಗೂ ಕೇಳಿ, ಸತ್ಯ ನಿಂದಲ್ಲಲ್ಲ ತಂಗಿ, ನಮ್ಮದು ಎಂದಳು. ಬರುತ್ತೇನೆ ಎಂದೆ.

ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಮಾನ್ವಿಯಲ್ಲಿ ಇಳಿದು ಪೋತ್ನಾಳದ ಬಸ್ಸು ಹಿಡಿದೆವು. ನಾನು ಮನಸ್ಸಿನಲ್ಲೇ ವಾಕ್ಯಗಳನ್ನು ಜೋಡಿಸುತ್ತ, ಸುಳ್ಳನ್ನು ಎಷ್ಟು ಚಿಕ್ಕದಾಗಿ ಹೇಳಬಹುದೆಂದು ಲೆಕ್ಕ ಹಾಕುತ್ತಿದ್ದೆ.

ಗಿರಣಿಯ ಅಂಗಳದಲ್ಲಿ ಮಾಲೀಕರು ನಾಲ್ಕೈದು ರೈತರ ಜೊತೆ ಕೂತಿದ್ದರು. ನನಗೆ ಕುರ್ಚಿ ಹಾಕಿಸಿದರು. ಅವಳು ನಿಂತೇ ಇದ್ದುದರಿಂದ ನಾನೂ ಕೂರಲಿಲ್ಲ. ಆ ದಿನದ ಉದಾಹರಣೆ ನಾನು ಕಟ್ಟಿದ್ದು, ಚರ್ಚೆಯಲ್ಲಿ ಗೆಲ್ಲುವ ಆಸೆಗೆ ಹೇಳಿದ್ದು ಎಂದೆ. ರೈತರಲ್ಲೊಬ್ಬ, ಅಂದ್ರ ಕಾಲೇಜಿನಾಗ ಇದನ್ನ ಕಲಿಸ್ತಾರೇನ್ರಿ ಎಂದು ನಕ್ಕ. ಹೌದು ಎಂದೆ.

ಮಾಲೀಕರು ನಗಲಿಲ್ಲ. ಅವಳ ಕಡೆ ತಿರುಗಿದರು.

“ಹಂಗಾದ್ರ ಜ್ವರ ಖರೆ ಬಂದಿತ್ತು?”

“ಬಂದಿತ್ರಿ.”

“ಭಾಳ ಚಲೋ. ಜ್ವರದಾಗಿಂದ ಎದ್ದು ಬರ್ತಾರ ಅಂತ ಕನಿಕರಕ್ಕ ದರ ಏರಿಸಿದ್ದೆ. ಈ ಸಲ ದೇವರ ದಯೆಯಿಂದ ಎಲ್ಲಾರೂ ಗಟ್ಟಿ ಅದೀರಿ. ಏರಿಸೋದಕ್ಕಿಂತ ಮೊದಲಿನ ದರಕ್ಕ ಬರ್ರಿ. ಇವತ್ತಽ ವೀಳ್ಯ ಕೊಡ್ತೀನಿ.”

ಇಂಥ ನಡೆಯನ್ನು ಯಾವ ವೇದಿಕೆಯಲ್ಲೂ ನಾನು ಎದುರಿಸಿರಲಿಲ್ಲ. ಜ್ವರ ನಿಜವಾದರೆ ದರ ಹೋಗುತ್ತದೆ. ಜ್ವರ ಸುಳ್ಳಾದರೆ ಕೆಲಸ ಹೋಗುತ್ತದೆ. ನನ್ನ ಸುಳ್ಳು ಆ ಹೆಂಗಸರ ಎಂಟು ದಿನಗಳ ಹಟವನ್ನು ಅಳಿಸಿ, ಆ ಜಾಗದಲ್ಲಿ ಮಾಲೀಕರ ಕನಿಕರವನ್ನು ಕೂರಿಸಿತ್ತು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅವಳು ನನ್ನ ಮೊಣಕೈ ಹಿಡಿದು ತಡೆದಳು.

ಆಮೇಲೆ ಕೈ ಬಿಟ್ಟು ಮಾಲೀಕರ ಎದುರಿಗೆ ಒಂದು ಹೆಜ್ಜೆ ಮುಂದೆ ಹೋದಳು.

“ಜ್ವರ ಇರ್ಲಿಲ್ರಿ ಸಾವ್ಕಾರ್ರ,” ಎಂದಳು. “ನಿಮ್ಮ ಮಾತ್ರಿ ಇಸಗೊಂಡಿದ್ದು ನನ್ನ ತಪ್ಪು, ಅದಕ್ಕ ಕೈ ಮುಗೀತೀನಿ. ಆದ್ರ ದರಕ್ಕ ಕುಂತಿದ್ದು ತಪ್ಪಲ್ಲ. ಈ ಸಲ ಸುಳ್ಳು ಹೇಳಂಗಿಲ್ಲ. ಹೋದ ವರ್ಷದ ದರಕ್ಕಾದ್ರ ಬರ್ತೀವಿ. ಇಲ್ಲಂದ್ರ ಮನ್ಯಾಗ ಅದೀವಿ.”

“ಎಷ್ಟು ದಿನ ಕುಂದರ್ತೀರಿ?”

“ನಿಮ್ಮ ಸಸಿ ನಿಮಗ ಗೊತ್ರಿ.”

ರೈತರಲ್ಲೊಬ್ಬ ಸಿಟ್ಟಿನಿಂದ ಎದ್ದ. ಮಾಲೀಕರು ಅವನ ಕೈ ಹಿಡಿದು ಕೂರಿಸಿದರು. ನಮಗೆ ಹೋಗಿರೆಂದೂ ಹೇಳಲಿಲ್ಲ, ಇರಿ ಎಂದೂ ಹೇಳಲಿಲ್ಲ. ನಾವು ರಸ್ತೆಗೆ ಬಂದೆವು. ಗುಂಪಿನ ಎಲ್ಲರನ್ನೂ ಕೇಳದೆ ಮಾತು ಆಡಿಬಿಟ್ಟೆ ಎಂದಳು. ಬಸ್ಸಿನ ದಾರಿಯುದ್ದಕ್ಕೂ ಅದೊಂದೇ ಮಾತು.

ಮೂರು ದಿನ ನಾನು ಆ ಊರಲ್ಲೇ ಉಳಿದೆ. ಯಾರೂ ನನ್ನನ್ನು ಊಟಕ್ಕೆ ಕರೆಯುವುದನ್ನು ಬಿಡಲಿಲ್ಲ, ಯಾರೂ ನನ್ನ ಜೊತೆ ಹೆಚ್ಚು ಮಾತಾಡಲೂ ಇಲ್ಲ. ನಾಲ್ಕನೆಯ ದಿನ ಗಿರಣಿಯಿಂದ ಫೋನು ಬಂತು. ಹೋದ ವರ್ಷದ ದರ ಕೊಡುವುದಾಗಿ ಹೇಳಿದ್ದರು. ಆದರೆ ಅರ್ಧ ಗದ್ದೆಗೆ ಮಾತ್ರ. ಉಳಿದರ್ಧಕ್ಕೆ ನಾಟಿ ಯಂತ್ರವನ್ನು ಬಾಡಿಗೆಗೆ ಗೊತ್ತು ಮಾಡಿದ್ದರು.

ಹದಿನೆಂಟು ಜನರಲ್ಲಿ ಒಂಬತ್ತು ಜನರ ಕೆಲಸ. ಕಟ್ಟೆಯ ಮೇಲೆ ಸೇರಿದ ಹೆಂಗಸರ ದನಿ ಏರಿತು. ಕಿರಿಯಳೊಬ್ಬಳು, ಮಾತಾಡಿ ಕೆಡಿಸಿದವರು ಮನೆಯಲ್ಲಿರಲಿ ಎಂದಳು. ಮುಂದಾಳು ಎಲ್ಲವನ್ನೂ ಕೇಳಿಸಿಕೊಂಡಳು. ಯಾರನ್ನೂ ಬಿಡುವುದಿಲ್ಲ, ಒಂದು ದಿನ ಒಂಬತ್ತು ಜನ, ಮರುದಿನ ಉಳಿದ ಒಂಬತ್ತು ಜನ ಎಂದು ಸರದಿ ಕಟ್ಟಿದಳು. ತಿಂಗಳ ಹಣ ಇರದಿದ್ದರೆ ಈ ಮಾತಿಗೆ ಯಾರೂ ಒಪ್ಪುತ್ತಿರಲಿಲ್ಲ. ಇದ್ದುದರಿಂದ, ಗೊಣಗುತ್ತಲೇ ಒಪ್ಪಿದರು.

ಮರುದಿನ ಮೊದಲ ಒಂಬತ್ತು ಜನ ಟಂಟಂ ಆಟೋ ಹತ್ತಿದರು. ಅವರಲ್ಲೊಬ್ಬಳಾಗಿ ಮುಂದಾಳೂ ನಡುವೆ ತೂರಿಕೊಂಡು ಕೂತಳು. ಕಣ್ಣ ಮುಂದೆ ನಡೆದ ಇದನ್ನು ಎಲ್ಲಿಯಾದರೂ ಬರೆಯಬಹುದೇ ಎಂದು ನಾನು ಮೊದಲ ಸಲ ಅವಳನ್ನು ಕೇಳಿದೆ. ಅವಳು ಉತ್ತರ ಕೊಡುವ ಮೊದಲು ಒಳಗಿದ್ದ ಎಂಟು ಮುಖಗಳನ್ನು ಒಂದೊಂದಾಗಿ ನೋಡಿದಳು.

“ನಾಟಿ ಮುಗೀಲಿ,” ಎಂದಳು. “ಆಮ್ಯಾಲ ಬಂದು ಹದಿನೆಂಟೂ ಮಂದೀನ ಕೇಳು.”

ಹೋಗಿ ಕೇಳಿದೆ. ಹದಿನೇಳು ಜನ ಆಗಲಿ ಎಂದರು. ಒಬ್ಬಳು ಬೇಡವೆಂದಳು. ಅವಳು ಹೇಳಿದ್ದು, ಮಾಡಿದ್ದು ಯಾವುದೂ ಈ ಬರಹದಲ್ಲಿ ಇಲ್ಲ.