ಬೆಟ್ಟದ ಕಡೆಯ ಕಿಟಕಿ

ಚಲುವಮ್ಮನ ರೇಷ್ಮೆ ಹುಳಮನೆಗೆ ನಾಲ್ಕು ಕಿಟಕಿ. ಬೆಟ್ಟದ ಕಡೆಗಿರುವ ಒಂದನ್ನು ಶಿವರಾತ್ರಿ ಕಳೆಯುತ್ತಲೇ ಮುಚ್ಚಿಬಿಡುತ್ತಾಳೆ. ಬರೀ ಮುಚ್ಚುವುದಲ್ಲ, ಸಂದುಗೊಂದಿಗೆಲ್ಲ ಸಗಣಿ ಮೆತ್ತಿ, ಅದರ ಮೇಲೆ ಹಳೆಯ ಪೇಪರು ಅಂಟಿಸಿ, ಅದೊಂದು ಗೋಡೆಯೇ ಅನ್ನುವ ಹಾಗೆ ಮಾಡುತ್ತಾಳೆ. ಮುಂಗಾರು ಚೆನ್ನಾಗಿ ಹಿಡಿದ ಮೇಲೆ ಒಡೆಯುವುದು. ಕುಂತಿಬೆಟ್ಟದ ಬಂಡೆ ಹಗಲೆಲ್ಲ ಬಿಸಿಲು ನುಂಗಿ, ಹೊತ್ತು ಇಳಿದ ಮೇಲೆ ಅದನ್ನು ಬುಡದಲ್ಲಿರುವ ಊರಿನ ಮೇಲೆ ಕಾರುತ್ತದೆ. ಆ ಝಳ ಹುಳಕ್ಕೆ ತಾಗಬಾರದು. ಇದು ಅವಳ ಅತ್ತೆ ಸಿದ್ದಲಿಂಗಮ್ಮನ ಕಟ್ಟಪ್ಪಣೆ. ಅತ್ತೆ ಸತ್ತು ಎಷ್ಟೋ ಕಾಲವಾಯಿತು, ಅಪ್ಪಣೆ ಮಾತ್ರ ಗಟ್ಟಿಮುಟ್ಟಾಗಿತ್ತು.

ಪಾಂಡವಪುರದಲ್ಲಿ ನನ್ನದು ಚಂದ್ರಿಕೆ ಬಾಡಿಗೆಯ ವ್ಯಾಪಾರ. ಹಣ್ಣಾದ ರೇಷ್ಮೆಹುಳ ಗೂಡು ಕಟ್ಟಲು ಬಿಡುವ, ಸುರುಳಿ ಸುತ್ತಿದ ಬಿದಿರಿನ ದೊಡ್ಡ ತಟ್ಟೆಗೆ ಚಂದ್ರಿಕೆ ಅನ್ನುತ್ತಾರೆ. ಅದರ ಪಕ್ಕದಲ್ಲೇ ತೆಂಗಿನ ಸಸಿಯನ್ನೂ ಮಾರುತ್ತೇನೆ. ರೇಷ್ಮೆ ಹಿಡಿದವರಿಗೂ ನನ್ನ ಅಂಗಡಿಯೇ ಬೇಕು, ರೇಷ್ಮೆ ಬಿಟ್ಟವರಿಗೂ ನನ್ನ ಅಂಗಡಿಯೇ ಬೇಕು. ಹೀಗೆ ಎರಡೂ ಕಡೆ ಕಾಲಿಟ್ಟು ನಿಂತವನಿಗೆ ಹವಾಮಾನ ಹೇಗಿದ್ದರೂ ಊಟಕ್ಕೆ ಕೊರತೆಯಿಲ್ಲ. ಚಲುವಮ್ಮ ನನ್ನನ್ನು ಸೌಕಾರ್ರೆ ಅಂತ ಕರೆಯುವುದು ಮರ್ಯಾದೆಗಲ್ಲ, ಚುಚ್ಚುವುದಕ್ಕೆ.

ಅವಳ ತವರು ಪಾಲಹಳ್ಳಿ. ನಾಲೆಯ ದಂಡೆಯಲ್ಲಿ ಆಡಿ ಬೆಳೆದವಳಿಗೆ ಬೇಸಿಗೆ ಅಂದರೆ ಈಜು ಬೀಳುವ ಕಾಲ ಅಂತ ಮಾತ್ರ ಗೊತ್ತಿತ್ತು. ಮದುವೆಯಾಗಿ ಬಂದದ್ದು ನಾಲೆಯ ನೀರು ಹತ್ತದ ಈ ದಿಣ್ಣೆಗೆ, ಹುಳ ಸಾಕುವ ಮನೆಗೆ. ಮೊದಲ ಸಲ ಅಂಗೈ ಮೇಲೆ ಹುಳ ಬಿಟ್ಟಾಗ ಕಿಟಾರನೆ ಕಿರುಚಿದ್ದಳಂತೆ. 'ಕಿರುಚ್ಬ್ಯಾಡ ಕಣಮ್ಮಿ, ಹುಳ ಬೆದರ್ತವೆ' ಅಂದಿದ್ದಳಂತೆ ಸಿದ್ದಲಿಂಗಮ್ಮ. ಸೊಸೆ ಬೆದರಿದ್ದು ಅವಳ ಲೆಕ್ಕಕ್ಕೆ ಇರಲಿಲ್ಲ. ಹುಳ ಮನೆಯಲ್ಲಿರುವಷ್ಟು ದಿನ ಹೂ ಮುಡಿಯುವಂತಿಲ್ಲ, ಒಗ್ಗರಣೆಯ ಘಾಟು ಏಳುವಂತಿಲ್ಲ, ಹೊಸಬರು ಹೊಸ್ತಿಲು ದಾಟುವಂತಿಲ್ಲ. ವರ್ಷದಲ್ಲಿ ಹುಳ ಇಲ್ಲದ ದಿನಗಳೇ ಕಡಿಮೆ. ಮಲ್ಲಿಗೆ ತೋಟದ ಪಕ್ಕದಲ್ಲೇ ಬಾಳಿದರೂ ಅವಳ ತುರುಬು ಬರಿದಾಗಿಯೇ ನರೆಯಿತು.

ಗಂಡ ಚಿಕ್ಕಸ್ವಾಮಿ ತೀರಿಕೊಂಡ ಮೇಲೂ ಅವಳು ಹುಳ ಬಿಡಲಿಲ್ಲ. ಆದರೆ ಹಿಪ್ಪುನೇರಳೆ ತೋಟ ಇದ್ದದ್ದು ಮೈದುನ ಮಾಯಣ್ಣನ ಹೆಸರಿನಲ್ಲಿ. ಮಾಯಣ್ಣ ಕೆಟ್ಟವನಲ್ಲ, ಬಿಸಿಲಿನಲ್ಲಿ ಸೊಪ್ಪು ಕೊಯ್ದು ಬೇಸತ್ತವನು, ಅಷ್ಟೆ. ಹಿಂದಿನ ಎರಡು ಬೇಸಿಗೆಯಲ್ಲೂ ಹುಳ ಸೆಕೆಗೆ ಸತ್ತು, ಇಬ್ಬರೂ ಬುಟ್ಟಿಗಟ್ಟಲೆ ಹೊತ್ತು ಹಳ್ಳಕ್ಕೆ ಸುರಿದು ಬಂದಿದ್ದರು. ಈ ಸಲ ಯುಗಾದಿಯ ಮಾರನೆಯ ದಿನ ನಾನು ಜಗಲಿಯಲ್ಲಿ ಕೂತಿದ್ದಾಗಲೇ ಅವನು ಕಡ್ಡಿ ಮುರಿದ ಹಾಗೆ ಹೇಳಿದ.

'ಅತ್ಗೆ, ಈ ಬ್ಯಾಸ್ಗೇಲಿ ಒಂದ್ ಬೆಳೆ ಗೂಡಿಗ್ ಬರ್ಲಿ. ತೋಟದ್ ತಂಟೆಗೇ ಬರಾಕಿಲ್ಲ ನಾನು, ಸಾಯೋಗಂಟ ಹುಳ ಮೇಯ್ಸ್ಕೊಂಡಿರು. ಬರ್ನಿಲ್ಲ ಅಂದ್ರೆ ಬುಡಸಮೇತ ಕಿತ್ತು ತೆಂಗು ಇಕ್ತೀನಿ.'

'ಇಕ್ಕೀಯಂತೆ ಬುಡು. ಸಸಿ ಕೊಡೋರೂ ಇಲ್ಲೇ ಕುಂತವ್ರೆ, ಚಂದ್ರಿಕೆ ಕೊಡೋರೂ ಇಲ್ಲೇ ಕುಂತವ್ರೆ. ಏನ್ ಸೌಕಾರ್ರೆ, ನಿಮ್ಗ್ಯಾವ್ದು ಬತ್ತದೆ ಅಂತ ಹರಕೆ ಹೊತ್ಕೊಂಡಿದ್ದೀರಿ?'

'ಎರಡೂ ಬರ್ಲಿ ಅಂತ ಕಣವ್ವ' ಅಂದೆ. ಮಾಯಣ್ಣ ನಕ್ಕ. ಅವಳು ನಗಲಿಲ್ಲ.

ಅವಳ ಕೈಯಲ್ಲೊಂದು ಫೋನು ಇತ್ತು. ಮಗಳು ಸುಧ ಕೆ.ಆರ್. ಪೇಟೆಯಿಂದ ಬಂದಾಗ ಅದರಲ್ಲಿ ಹವಾಮಾನದ ಮಾತು ಬರುವ ಹಾಗೆ ಮಾಡಿಕೊಟ್ಟು ಹೋಗಿದ್ದಳು. ದಿನಾ ಬೆಳಿಗ್ಗೆ ಒಬ್ಬ ಹುಡುಗಿಯ ದನಿ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಅಂತ ಒಂದೇ ಉಸಿರಿಗೆ ಊರು ಕರೆದು, ಒಣಹವೆ ಇರುತ್ತದೆ, ಉಷ್ಣಾಂಶ ವಾಡಿಕೆಗಿಂತ ಹೆಚ್ಚು, ಒಂದೆರಡು ಕಡೆ ಹಗುರ ಮಳೆಯ ಸಾಧ್ಯತೆ ಅನ್ನುತ್ತಿತ್ತು. ಆ ಒಂದೆರಡು ಕಡೆ ಯಾವುದು ಅಂತ ಅವಳು ಯಾವತ್ತೂ ಹೇಳಿದವಳಲ್ಲ. ನಮ್ಮ ವ್ಯಾಪಾರದಲ್ಲೂ ಇದೇ ಜಾಣತನ, ಅದಕ್ಕೇ ನನಗೆ ಆ ದನಿಯ ಮೇಲೆ ಗೌರವ. ಚಲುವಮ್ಮನಿಗೆ ಮಾತ್ರ ಆ ಹುಡುಗಿ ಮನೆಯವಳೇ ಆಗಿಹೋಗಿದ್ದಳು. 'ಒಣಹವೆ ಅಂದ್ಳು ಕಣ್ರೀ ನಮ್ ಹುಡ್ಗಿ, ಗೋಣಿ ನೆನೆ ಹಾಕ್ಬೇಕು' ಅನ್ನುವಳು.

ಅವಳು ಬಿಸಿಲಿನ ಮೇಲೆ ಸಮರಕ್ಕೆ ಹೊರಟವಳಂತೆ ಸಿದ್ಧಳಾದಳು. ಸೂರಿನ ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದಳು. ನೆಲಕ್ಕೆ ಮರಳು ಹಾಸಿ ನೀರು ಚಿಮುಕಿಸಿದಳು. ಮೂರು ಕಿಟಕಿಗೂ ಒದ್ದೆ ಗೋಣಿ ಇಳಿಬಿಟ್ಟಳು. ಬೆಟ್ಟದ ಕಿಟಕಿಗೆ ಈ ಸಲ ಎರಡು ಪದರ ಸಗಣಿ. ಹೊರಗೆ ಬಿಸಿಲು ಗುಡ್ಡವನ್ನೇ ಹುರಿಯುತ್ತಿದ್ದರೆ ಒಳಗೆ ಹಾಲಿನ ಡೇರಿಯ ತಂಪು. ಹುಳ ಒಂದೊಂದೇ ಜ್ವರ ದಾಟಿದವು. ಹುಳ ಮೇವು ಬಿಟ್ಟು, ತಲೆ ಎತ್ತಿ, ಪೊರೆ ಬಿಡಲು ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುವುದು. ನಾಲ್ಕನೆಯ ಜ್ವರ ಎದ್ದಮೇಲೆ ಅವು ಬೆರಳು ಗಾತ್ರ ಬಂದು ಸೊಪ್ಪಿಗೆ ಬಿದ್ದವು.

ಚಂದ್ರಿಕೆ ಇಳಿಸಲು ಹೋದ ದಿನ ನಾನೂ ಹೊಸ್ತಿಲಲ್ಲಿ ನಿಂತು ನೋಡಿದೆ. ಹುಳ ಒಳ್ಳೇ ಬೆಳ್ಳಿಯ ಬಣ್ಣ. ಸೊಪ್ಪು ಮೇಯುವ ಸದ್ದು ಸೋನೆ ಹಿಡಿದ ಹಾಗೆ ಕೇಳುತ್ತಿತ್ತು. ಆ ಹೊತ್ತಿನಲ್ಲಿ ಇಡೀ ಸೀಮೆಗೆ ಮಳೆಯ ಸದ್ದು ಇದ್ದದ್ದು ಆ ಒಂದು ಕೋಣೆಯಲ್ಲೇ.

'ಏನ್ ಮಾಯಣ್ಣ, ಸಸಿ ಬೇರೆಯವರ್ಗೆ ಕೊಟ್ಬುಡ್ಲಾ?' ಅಂತ ಕೇಳಿದೆ.

'ತಡೀರಿ, ಗೂಡು ಕಣ್ಣಿಗ್ ಕಾಣ್ಲಿ' ಅಂದ. ದನಿ ಸೋತವನ ದನಿಯ ಹಾಗೆ ಮೆತ್ತಗಿತ್ತು. ಚಲುವಮ್ಮ ಅದನ್ನು ಕೇಳಿಸಿಕೊಂಡು ಮೊದಲ ಸಲ ಮುಸಿಮುಸಿ ನಕ್ಕಳು.

ಆ ಸಂಜೆಯೇ ಅಶ್ವಿನಿ ಮಳೆ ಬಂತು. ಗುಡುಗಿಲ್ಲ, ಗಾಳಿಯಿಲ್ಲ, ಬೆಟ್ಟದ ಹಿಂದಿನಿಂದ ಮೋಡ ಎದ್ದು ಬಂದು ಸುರಿದುಬಿಟ್ಟಿತು. ಊರಿನ ಜನ ಬೀದಿಗೆ ಇಳಿದು ನೆನೆದರು. ಹೊತ್ತು ಮುಳುಗುವಾಗ ಬಂಡೆ ತೊಳೆದು ಫಳಫಳ ಹೊಳೆಯುತ್ತಿತ್ತು, ಅಲ್ಲಿಂದ ಇಳಿದ ಗಾಳಿ ಮೈ ಜುಮ್ಮೆನ್ನಿಸುವಷ್ಟು ತಣ್ಣಗಿತ್ತು. ಆ ಒಂದೆರಡು ಕಡೆಯಲ್ಲಿ ನಮ್ಮ ಕಡೆಯೂ ಒಂದಾಗಿತ್ತು.

ಮಾರನೆಯ ದಿನ ಬಿಸಿಲು ಮತ್ತೆ ಬಂತು, ಒದ್ದೆ ನೆಲ ಹಬೆಯಾಡತೊಡಗಿತು. ಹುಳಮನೆಯ ಒಳಗೆ ಒದ್ದೆ ಗೋಣಿ, ಒದ್ದೆ ಮರಳು, ಒದ್ದೆ ಗಾಳಿ. ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದ ಹಾಗೆ ಬಾಗಿಲಲ್ಲೇ ಹಬೆ ಮುಖಕ್ಕೆ ಬಡಿಯುತ್ತಿತ್ತು. ಬೆಟ್ಟದ ಗಾಳಿಯೊಂದೇ ಆವತ್ತು ತಂಪಾಗಿ ಬೀಸುತ್ತಿದ್ದದ್ದು. ಅದನ್ನು ನೋಡಿ ಮಾಯಣ್ಣನೇ ಹೇಳಿದ.

'ಅತ್ಗೆ, ಬೆಟ್ಟದ್ ಕಿಟ್ಕಿ ಒಡ್ದು ಒಸಿ ಗಾಳಿ ಬುಡು. ಒಳ್ಗೆ ಉಸ್ರು ಕಟ್ತದೆ.'

'ಬ್ಯಾಸ್ಗೇಲಿ ಬೆಟ್ಟದ್ ಕಿಟ್ಕಿ ತೆಗೀತಾರಾ? ನಿಮ್ಮವ್ವ ಏನ್ ಹೇಳ್ಕೊಟ್ಟವ್ಳೆ?'

'ನಮ್ಮವ್ವ ಹೇಳಿದ್ದು ಬಿಸ್ಲಿಗೆ. ಈಗ ಮಳೆ ಉಯ್ದದಲ್ಲ!'

'ಒಂದ್ ಮಳೆಗೆ ಬ್ಯಾಸ್ಗೆ ಓಗ್ಬುಡ್ತದಾ? ಇವತ್ತೂ ಒಣಹವೆ ಅಂತ್ಲೇ ಅಂದ್ಳು ಆ ಹುಡ್ಗಿ. ನೀನ್ ಸೊಪ್ ತಕ್ಕಂಬಾ ಓಗು.'

ತೋಟ ಉಳಿಯಬಾರದು ಅಂತಿದ್ದವನೇ ಕಿಟಕಿ ತೆಗೆ ಅಂದ, ಉಳಿಯಬೇಕು ಅಂತಿದ್ದವಳು ತೆಗೆಯಲಿಲ್ಲ. ಅವಳು ಗೋಣಿಗೆ ಇನ್ನೊಂದು ಕೊಡ ನೀರು ಹಾಕಿದಳು.

ಎರಡು ದಿನದೊಳಗೆ ಹುಳ ಊದಿಕೊಂಡು ಮೇವಿನ ತಟ್ಟೆಯ ಅಂಚಿಗೆ ಹರಿಯತೊಡಗಿದವು. ಮುಟ್ಟಿದರೆ ಮೈ ಒಡೆದು ಹಾಲಿನಂಥ ನೀರು. ಹಾಲುತೊಂಡೆ ರೋಗ. ಅವಳು ಕೆಟ್ಟವನ್ನು ಆರಿಸಿ ಆರಿಸಿ ಸುಣ್ಣದ ಬಕೆಟ್ಟಿಗೆ ಹಾಕಿದಳು. ಬಕೆಟ್ಟು ತುಂಬಿತು, ಆಮೇಲೆ ಬುಟ್ಟಿ ತುಂಬಿತು, ಆಮೇಲೆ ಆರಿಸುವುದಕ್ಕೆ ಏನೂ ಉಳಿಯಲಿಲ್ಲ, ಎಲ್ಲವೂ ಕೆಟ್ಟವೇ. ಹಳ್ಳದವರೆಗೆ ಬುಟ್ಟಿ ಹೊತ್ತದ್ದು ಮಾಯಣ್ಣ. ಅವನು 'ನಾನ್ ಹೇಳ್ನಿಲ್ವಾ' ಅನ್ನಲಿಲ್ಲ. ಅಂದಿದ್ದರೆ ಅವಳು ಎರಡು ಬೈದು ಹಗುರಾಗುತ್ತಿದ್ದಳೇನೋ.

ನನಗೆ ಅವನ ಫೋನು ಬಂತು. ನೆಲ ಒಸಿ ನೆನೆದಿದೆ, ಗುಂಡಿ ತೆಗೆಯಲು ಇದೇ ಸಮಯ, ಸಸಿ ಕಳಿಸಿ ಅಂದ. ನಾನು ಸಸಿ ತುಂಬಿಕೊಂಡು ಹೋದೆ. ಬರುವಾಗ ಅದೇ ಟೆಂಪೋದಲ್ಲಿ ಚಂದ್ರಿಕೆ ವಾಪಸ್ಸು. ಒಂದೇ ಡೀಸೆಲ್ಲಿನಲ್ಲಿ ಎರಡು ಕೆಲಸ. ವ್ಯಾಪಾರಿ ಖುಷಿಪಡಬೇಕಾದ ದಿನ ಅದು.

ತೋಟದಲ್ಲಿ ಜೆಸಿಬಿ ಆಗಲೇ ಅರ್ಧ ಕಿತ್ತು ಮುಗಿಸಿತ್ತು. ಬೇರು ಮೇಲಾಗಿ ಬಿದ್ದ ಗಿಡಗಳಲ್ಲಿ ಸೊಪ್ಪು ಇನ್ನೂ ಹಸಿರಾಗಿಯೇ ಇತ್ತು. ಚಲುವಮ್ಮ ಅಂಗಳದಲ್ಲಿ ಚಂದ್ರಿಕೆಗಳನ್ನು ಒಂದೊಂದಾಗಿ ಬೆಂಕಿಯ ಮೇಲೆ ಆಡಿಸುತ್ತಿದ್ದಳು. ಗೂಡು ಬಿಡಿಸಿದ ಮೇಲೆ ಅಂಟಿ ಉಳಿದ ರೇಷ್ಮೆ ಎಳೆಯನ್ನು ಹಾಗೆ ಸುಟ್ಟು, ಚೊಕ್ಕಟ ಮಾಡಿ ಕೊಡುವುದು ಬಾಡಿಗೆಯ ಕಟ್ಟಲೆ. ಆದರೆ ಅವುಗಳ ಮೇಲೆ ಒಂದು ಹುಳವೂ ಹತ್ತಿರಲಿಲ್ಲ.

'ಎಳೇನೇ ಇಲ್ವಲ್ಲವ್ವ, ಯಾಕ್ ಸುಡ್ತೀಯ?'

'ಸುಡ್ದಲೆ ಹೆಂಗ್ ಕೊಡ್ಲಿ? ನಾಳಿಕೆ ಇನ್ನೊಬ್ರ ಮನೆಗೆ ಓಗೋವು. ನಮ್ಮನೇ ರೋಗ ಅಲ್ಲಿಗ್ಯಾಕೆ?'

 ಚಂದ್ರಿಕೆ ತುಂಬಿಸಿಕೊಂಡೆ.

ಹೊರಡುವಾಗ ಹುಳಮನೆಯ ಒಳಗೆ ಕಣ್ಣು ಹಾಯಿತು. ತಟ್ಟೆ ಇಲ್ಲ, ಗೋಣಿ ಇಲ್ಲ, ಮರಳು ಒಣಗಿತ್ತು. ಮೂರು ಕಿಟಕಿಯೂ ಹಾರು ಹೊಡೆದಿದ್ದವು. ಬೆಟ್ಟದ ಕಡೆಯದು ಮಾತ್ರ ಹಾಗೆಯೇ ಇತ್ತು, ಸಗಣಿ ಸಮೇತ.

ಜಗಲಿಯ ಮೇಲಿದ್ದ ಅವಳ ಫೋನು ಸದ್ದು ಮಾಡಿತು. ಹುಡುಗಿ ಊರುಗಳ ಹೆಸರು ಕೂಗಿದಳು, ಒಣಹವೆ ಮುಂದುವರಿಯುತ್ತದೆ ಅಂದಳು, ರೇಷ್ಮೆ ಬೆಳೆಗಾರರು ಹುಳಮನೆಯಲ್ಲಿ ಗಾಳಿಯಾಡುವಂತೆ ನೋಡಿಕೊಳ್ಳಬೇಕು ಅಂದಳು. ಚಲುವಮ್ಮ ಕೈಯಲ್ಲಿದ್ದ ಕೊಳ್ಳಿಯನ್ನು ಮಣ್ಣಿಗೆ ಅದುಮಿ, ಕೊನೆಯ ಮಾತಿನವರೆಗೂ ಕೇಳಿಸಿಕೊಂಡಳು.

'ಮಾಯಣ್ಣ, ಮಳೆ ಇಲ್ವಂತೆ ಕಣಪ್ಪ' ಅಂತ ತೋಟದ ಕಡೆಗೆ ಕೂಗಿದಳು. 'ಸಸಿಗೆ ನೀರ್ ನೀನೇ ಉಯ್ಬೇಕು.'

ಜೆಸಿಬಿಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಅವಳು ಇನ್ನೊಂದು ಸಲ ಕೂಗಲಿಲ್ಲ.