ಒರಗುಕಲ್ಲಿನ ಮೇಲಿನ ಹೆಸರು

ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಒಡೆಯರನ್ನು ಬೀದಿಯವರೆಲ್ಲ ಬಣ್ಣದ ಯಜಮಾನರೆಂದೇ ಕರೆಯುತ್ತಿದ್ದರು. ಅವರ ಬೆಂಚಿನ ಕಥೆಯನ್ನು ಈಗ ಹೇಳುವವರೂ ಅವರೇ, ಮೊದಲು ನಗುವವರೂ ಅವರೇ.

ಸಮಾಜದಿಂದ ಪಡೆದದ್ದನ್ನು ಸಮಾಜಕ್ಕೆ ಹಿಂತಿರುಗಿಸಬೇಕು ಎಂದು ಒಂದು ದಿನ ಊಟದ ನಡುವೆ ಅವರು ಭಾಷಣ ಶುರುಮಾಡಿದರು. "ಮೊದಲು ಬಾಯಲ್ಲಿರೋದು ನುಂಗಿ ರೀ" ಎಂದಳು ಹೆಂಡತಿ. ನುಂಗಿದ ಮೇಲೂ ಉತ್ಸಾಹ ಇಳಿಯಲಿಲ್ಲ. ಬೀದಿಯ ಮೂಲೆಯಲ್ಲಿ ಕಲ್ಲುಬೆಂಚು ಹಾಕಿಸಿ, ಒರಗುವ ಚಪ್ಪಡಿಯ ತುಂಬ ಉಬ್ಬು ಅಕ್ಷರಗಳಲ್ಲಿ ತಮ್ಮ ಹೆಸರು ಕೆತ್ತಿಸಿದರು.

"ಇಷ್ಟು ದಪ್ಪ ಅಕ್ಷರ ಒರಗಿದವರ ಬೆನ್ನಿಗೆ ಒತ್ತುತ್ತೆ ಯಜಮಾನ್ರೇ" ಎಂದ ಕಲ್ಲುಕುಟಿಗ.

"ಒತ್ತಲಿ ಬಿಡಪ್ಪ, ಉಪಕಾರ ನೆನಪಿರುತ್ತೆ."

ಬೆಂಚಿನ ಮೇಲೆ ಮೊದಲು ಅಕ್ಕನೇ ಕೂರಬೇಕು ಎಂಬುದು ಅವರ ಆಸೆ. ತಾಯಿಯಿಲ್ಲದ ಅವರನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಈಗ ಬೀದಿಯ ಇಳಿಜಾರಿನ ಕೊನೆಯ ಮನೆಯಲ್ಲಿದ್ದಳು. ಕರೆಯಲು ಹೋದಾಗ ಅವಳ ಬಾಗಿಲ ಮುಂದಿನ ಚರಂಡಿಯಲ್ಲಿ ಕಾರ್ಖಾನೆಯ ಹಂಡೆಗಳ ನೀರು ಕೆಂಪಗೆ ಹರಿಯುತ್ತಿತ್ತು.

"ಲೋ ತಮ್ಮಾ, ಇವತ್ತು ಕೆಂಪು, ನಿನ್ನೆ ನೀಲಿ. ಈ ನಾತಕ್ಕೆ ನಾನು ಕಿಟಕಿ ತೆಗೆಯೋದನ್ನೇ ಬಿಟ್ಟಿದ್ದೀನಿ. ಮೊದಲು ಇದನ್ನ ನಿಲ್ಲಿಸು, ಆಮೇಲೆ ಬಂದು ಕೂರ್ತೀನಿ."

ಯಜಮಾನರ ಬುದ್ಧಿ ಚುರುಕು. ಉದ್ಘಾಟನೆಯ ದಿನ ಬಣ್ಣದ ಹಂಡೆಗಳ ಒಲೆ ಹಚ್ಚಬೇಡಿ ಎಂದು ಕೆಲಸಗಾರರಿಗೆ ಅಪ್ಪಣೆ ಮಾಡಿದರು. ಚರಂಡಿ ತಿಳಿಯಾಯಿತು. ಹೊಸ ಅಂಗಿ ತೊಟ್ಟು ಬೀಗುತ್ತ ನಿಂತಿದ್ದಾಗ ಎದುರು ಅಂಗಡಿಯ ದರ್ಜಿ ಓಡೋಡಿ ಬಂದ.

"ಯಜಮಾನ್ರೇ, ಮನೇಲಿ ಎಲ್ಲ ಕ್ಷೇಮ ತಾನೆ? ಚರಂಡೀಲಿ ಬಣ್ಣಾನೇ ಇಲ್ಲ!"

ಅವನ ಹಿಂದೆಯೇ ಕ್ಷೌರದಂಗಡಿಯವನು ಮುಖ ಬಾಡಿಸಿಕೊಂಡು ಬಂದು ಕೈ ಹಿಡಿದುಕೊಂಡ. "ಯಾರೂ ಸತ್ತಿಲ್ಲ ಮಾರಾಯ, ಇದು ಉದ್ಘಾಟನೆ!" ಎಂದು ಯಜಮಾನರು ಕೂಗಬೇಕಾಯಿತು. ಅಕ್ಕ ಮಾತ್ರ ಬರಲಿಲ್ಲ. 'ನಾಳೆಯ ನೀರು ನೋಡಿ ಹೇಳ್ತೀನಿ' ಎಂದು ಹೇಳಿಕಳಿಸಿದಳು.

ಬಂದವರು ಚದುರಿದ ಮೇಲೆ ಯಜಮಾನರು ಒಬ್ಬರೇ ಬೆಂಚಿಗೆ ಒರಗಿದರು. ಅಕ್ಷರಗಳು ನಿಜಕ್ಕೂ ಒತ್ತಿದವು. ಸಮಾಜಕ್ಕೆ ತಾವು ಇಷ್ಟು ವರ್ಷ ದಿನವೂ ಚರಂಡಿಯಲ್ಲಿ ಒಂದಿಷ್ಟು ಕೊಡುತ್ತಲೇ ಬಂದಿದ್ದೇವೆ, ಅದರ ಮೇಲೆ ಮಾತ್ರ ಹೆಸರು ಕೆತ್ತಿಸಿಲ್ಲ ಎಂಬುದು ಆಗ ಹೊಳೆಯಿತು. ಮುಖ ಹುಳ್ಳಗಾಯಿತು.

ಮರುದಿನವೂ ಒಲೆ ಹೊತ್ತಲಿಲ್ಲ. ತಾವು ಗತ್ತಿನಿಂದ ಅಡ್ಡಾಡುತ್ತಿದ್ದ ಹಿತ್ತಲಿನ ಹೂದೋಟವನ್ನು ಅಗೆಸಿ, ಬಣ್ಣ ತಳಕ್ಕಿಳಿಸಿ ನೀರು ಸೋಸುವ ತೊಟ್ಟಿಗಳನ್ನು ಕಟ್ಟಿಸಿದರು. ಕೊನೆಯ ತೊಟ್ಟಿಗೆ ಮುಚ್ಚಳದ ಚಪ್ಪಡಿ ಸಾಲಲಿಲ್ಲ. ಯಜಮಾನರು ಬೆಂಚಿನ ಕಡೆ ನೋಡಿದರು, ನಿಟ್ಟುಸಿರು ಬಿಟ್ಟರು, ಒರಗುಕಲ್ಲನ್ನು ಕೀಳಿಸಿ ತರಿಸಿದರು.

"ಹೆಸರು ಮೇಲಕ್ಕೋ, ಕೆಳಕ್ಕೋ?" ಕಲ್ಲುಕುಟಿಗ ಕೇಳಿದ.

ಯಜಮಾನರು ಅಕ್ಷರಗಳ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದರು. "ಕೆಳಕ್ಕೆ."

ಕೆಲವು ವಾರ ನೀರು ನೋಡಿ, ಕಿಟಕಿ ತೆರೆದಿಟ್ಟು ಅಕ್ಕ ಬಂದು ಕೂತಳು. "ಒರಗೋಕೆ ಏನೂ ಇಲ್ವಲ್ಲೋ?"

"ಇತ್ತು ಅಕ್ಕ. ಬೆನ್ನಿಗೆ ಒತ್ತುತ್ತಿತ್ತು."

ಈಗ ಸಂಜೆ ಇಬ್ಬರೂ ಅಲ್ಲೇ ಕೂರುತ್ತಾರೆ. ನಡುವೆ ಯಜಮಾನರು ಎದ್ದು, ತೊಟ್ಟಿಯ ಚಪ್ಪಡಿ ಎತ್ತಿಸಿ ಪರೀಕ್ಷಿಸಿ ಬರಬೇಕು ಎನ್ನುತ್ತಾರೆ. ಅದು ಜವಾಬ್ದಾರಿಯ ಕೆಲಸ, ಬೇರೆಯವರಿಗೆ ಬಿಡುವಂಥದ್ದಲ್ಲ.

"ನೀರು ತಿಳಿಯಾಗೇ ಇರುತ್ತೆ" ಎನ್ನುತ್ತಾಳೆ ಅಕ್ಕ. "ಹೆಸರು ಓದಿಕೊಂಡು ಬೇಗ ಬಾ."