ತಡವಾಗಿ ಬಂದ ನೋವು

ಹೊಟ್ಟೆಯೊಳಗೆ ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದು ದೆಹಲಿಯ ಆಸ್ಪತ್ರೆಯಲ್ಲಿ ನನ್ನನ್ನು ಗಡಿಬಿಡಿಯಿಂದ ಸಿಸೇರಿಯನ್‌ಗೆ ಒಯ್ದರು. ಬೆನ್ನಿಗೆ ಸೂಜಿ ಚುಚ್ಚುವ ಮೊದಲು ಡಾಕ್ಟರು, ಅರಿವಳಿಕೆ ಮದ್ದಿನ ಜೊತೆ ಒಂಚೂರು ಮಾರ್ಫಿನ್ ಸೇರಿಸುತ್ತೇನೆ, ನಾಳೆಯವರೆಗೂ ನೋವು ಗೊತ್ತಾಗುವುದಿಲ್ಲ, ಮೈ ತುರಿಸಬಹುದು ಎಂದರು. ಅದೆಲ್ಲ ಯಾರಿಗೆ ಬೇಕಿತ್ತು! ನನಗೆ ಮಗು ಉಳಿದರೆ ಸಾಕಿತ್ತು.

ಹೆಣ್ಣು. ಒಂದೇ ಒಂದು ಸಲ ಸಣ್ಣಗೆ ಅತ್ತಳು. ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಓಡಿದರು. ವಾರ್ಡಿಗೆ ಬಂದ ಮೇಲೆ ನಾನು ಕೇಳಿದಾಗಲೆಲ್ಲ ನನ್ನ ಗಂಡ, "ನರ್ಸರೀಲಿದ್ದಾಳೆ, ಚೆನ್ನಾಗಿದ್ದಾಳೆ" ಎಂದು ಕಿಟಕಿಯ ಕಡೆ ತಿರುಗುತ್ತಿದ್ದರು. ಹೊಟ್ಟೆ ಕೊಯ್ದಿದ್ದರೂ ನೋವೆಂಬುದೇ ಇಲ್ಲ. ಮೂಗು ಯಾರದ್ದು, ಹೆಸರೇನಿಡೋಣ ಎಂದು ನಾನು ಹರಟಿದ್ದೇ ಹರಟಿದ್ದು. ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ಅಮ್ಮ ಹೂಂಗುಟ್ಟುತ್ತಿದ್ದಳು.

ಸಂಜೆಗೆ ಮುಖವೆಲ್ಲ ತುರಿಕೆ ಶುರುವಾಯಿತು. "ಸೂಈ ಕಾ ಅಸರ್ ಹೈ, ದೀದಿ" ಎಂದಳು ನರ್ಸ್, ಸೂಜಿಮದ್ದಿನ ಪರಿಣಾಮವಂತೆ.

"ಸೂಜಿಯಂತೆ ಸೂಜಿ! ಬಾಣಂತಿಗೆ ದೃಷ್ಟಿ ತಾಕಿದೆ" ಎಂದು ಅಮ್ಮ ಪರದೆ ಎಳೆದಳು. ಊಟದ ಡಬ್ಬಿಯ ಜೊತೆಗಿದ್ದ ಉಪ್ಪನ್ನು ಮುಷ್ಟಿಯಲ್ಲಿ ಹಿಡಿದು ನನಗೆ ನಿವಾಳಿಸತೊಡಗಿದಳು. ನಾಯಿ ಕಣ್ಣು, ನರಿ ಕಣ್ಣು, ಅಕ್ಕಪಕ್ಕದವರ ಕಣ್ಣು... ನಮ್ಮಲ್ಲಿ ಬಾಣಂತಿಗೆ ದೃಷ್ಟಿ ತೆಗೆದರೆ, ಮಗು ಎದುರಿಗಿಲ್ಲದಿದ್ದರೂ "ತಾಯಿ ಮಗು ಇಬ್ಬರದ್ದೂ ಹೋಗಲಿ" ಎಂದೇ ಮುಗಿಸಬೇಕು. ಅಕ್ಕನ ಬಾಣಂತನದಲ್ಲಿ ಅಮ್ಮ ಒಮ್ಮೆಯೂ ಇದನ್ನು ತಪ್ಪಿಸಿರಲಿಲ್ಲ. ಈಗ ಬರೀ "ನನ್ನ ಮಗಳದ್ದು ಹೋಗಲಿ" ಎಂದಳು.

"ಮಗೂದು?" ಎಂದೆ.

ಅಮ್ಮನ ಮುಷ್ಟಿ ಸಡಿಲಾಗಿ ಉಪ್ಪು ಹಾಸಿಗೆಯ ಮೇಲೆ ಉದುರಿತು. "ಮಧ್ಯಾಹ್ನಾನೇ ಹೋಗ್ಬಿಡ್ತು ಕಂದಾ. ನಿನ್ನ ಮೈಯಾದ್ರೂ ಸ್ವಲ್ಪ ಸುಧಾರಿಸ್ಲಿ ಅಂತ ಹೇಳ್ಲಿಲ್ಲ."

ಬಿಕ್ಕಿ ಬಿಕ್ಕಿ ಅತ್ತೆ. ಅಷ್ಟು ಅತ್ತರೂ ಹೊಲಿಗೆ ಹಾಕಿದ ಹೊಟ್ಟೆ ಒಂದಿಷ್ಟೂ ನೋಯಲಿಲ್ಲ. ನನ್ನ ಮೈ ಮೇಲೆ ನನಗೇ ಸಿಟ್ಟು ಬಂತು. ಮಗಳು ಹೋಗಿದ್ದಾಳೆ, ಈ ಹಾಳು ಹೊಟ್ಟೆಗೆ ಮಾತ್ರ ಏನೂ ಆಗಿಲ್ಲ!

ಮರುದಿನ ಮದ್ದು ಇಳಿಯಿತು. ಮೊದಲು ಹೊಲಿಗೆ ಚುರುಗುಟ್ಟಿತು, ಆಮೇಲೆ ಉಸಿರು ಎಳೆದರೂ ಕಣ್ಣಿಗೆ ಕತ್ತಲೆ ಬರುವಷ್ಟು ಉರಿಯಿತು. ನರ್ಸ್ ನೋವಿನ ಇಂಜೆಕ್ಷನ್ ತಂದಳು. ಸ್ವಲ್ಪ ಹೊತ್ತು ತಡೆಯಿರಿ ಎಂದು ನಾನು ಅವಳ ಕೈ ಹಿಡಿದುಕೊಂಡೆ. "ಥೋಡೀ ದೇರ್ ರುಕಿಯೇ, ಸಿಸ್ಟರ್."

"ಇದೇನೇ ಹಟ? ಹಾಕಿಸ್ಕೊಳ್ಳೇ" ಎಂದು ಅಮ್ಮ ಗದರಿದಳು.

"ಇರಲಿ ಬಿಡಮ್ಮಾ. ಅವಳದ್ದು ಅಂತ ನನ್ನ ಹತ್ರ ಇರೋದು ಇದೊಂದೇ."

ಅಮ್ಮ ನರ್ಸ್‌ಗೆ ಆಮೇಲೆ ಬಾ ಎಂದು ಕೈಸನ್ನೆ ಮಾಡಿ, ನನ್ನ ಪಕ್ಕ ಬಂದು ಕುಳಿತಳು.